ನೀರಿನ ಮೇಲೆ ಮಲಗಿದ ಕಡ್ಡಿಗಳು

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ನಿನ್ನ ಅಪ್ಪ ಬರೆಯುತ್ತಿದ್ದಾರೆ. ಯಾಕೆಂದು ಆಮೇಲೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬಾರದೆಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ, ಎಷ್ಟು ಹೊತ್ತು ತಡೆದುಕೊಳ್ಳುತ್ತಾರೋ ನೋಡೋಣ.

ನಿನ್ನ ಜಪಾನಿ ಹೂಜೋಡಣೆಯ ಪ್ರದರ್ಶನಕ್ಕೆ ಬಂದವಳು ಸರಿಯಾಗಿ ಮಾತೂ ಆಡದೆ ಹೊರಟುಬಿಟ್ಟೆ. ಅಮ್ಮನಿಗೆ ಹಿಡಿಸಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ, ನನಗೆ ಗೊತ್ತು. ಹಿಡಿಸದೆ ಏನು? ಆ ದೊಡ್ಡ ಬಿಳಿ ಕೋಣೆ, ನೆಲದ ಮೇಲೆ ಅಗಲವಾದ ಕಪ್ಪು ತಟ್ಟೆಗಳು, ನೀರಿನ ಮೇಲೆ ಅಡ್ಡಡ್ಡ ಮಲಗಿದ ಒಣ ಕಡ್ಡಿಗಳು, ನಡುವೆ ಒಂದೊಂದೇ ಹೂವು. ಗ್ಯಾಲರಿಯ ಯಜಮಾನಿಯಂತೂ ನನ್ನ ಕೈ ಹಿಡಿದುಕೊಂಡು, ನಿಮ್ಮ ಮಗಳು ಇಕೆಬಾನದ ನಿಯಮಾನೇ ಮುರಿದುಬಿಟ್ಲು ಕಣ್ರೀ, ಕಡ್ಡಿ ನಿಲ್ಸೋದನ್ನೇ ಬಿಟ್ಟಿದಾಳೆ, ಎಂಥಾ ಧೈರ್ಯ ಅಂತ ಹೊಗಳಿದ್ದೇ ಹೊಗಳಿದ್ದು. ನಾನು ಕೈ ಬಿಡಿಸಿಕೊಂಡು ಹೊರಟುಬಂದೆ. ಅದು ಧೈರ್ಯವಲ್ಲ ಪುಟ್ಟಿ, ಏನೆಂದು ನನಗೆ ಗೊತ್ತು.

ಕಡ್ಡಿಯ ಬುಡವನ್ನು ಓರೆಯಾಗಿ ಕತ್ತರಿಸಿ, ತಟ್ಟೆಯ ತಳದಲ್ಲಿಡುವ ಮುಳ್ಳುಬಿಲ್ಲೆಯ ಸೂಜಿಗಳಿಗೆ ಚುಚ್ಚಿ, ಬೇಕಾದ ಕಡೆ ಬಾಗಿಸಿ ನಿಲ್ಲಿಸಬೇಕಾದರೆ ಕೈ ಅಲುಗಬಾರದು. ಅಲುಗಿದರೆ ಬುಡ ಸೀಳಿಹೋಗುತ್ತದೆ. ನನ್ನ ಕೈ ನಡುಗತೊಡಗಿದಾಗ ನಾನೂ ಕಡ್ಡಿಗಳನ್ನು ಮಲಗಿಸಿಬಿಟ್ಟೆ. ನನ್ನ ತರಗತಿಯ ಹೆಂಗಸರು ಹೊಸ ಶೈಲಿ ಎಂದು ಚಪ್ಪಾಳೆ ತಟ್ಟಿದರು, ನಾನೂ ನಕ್ಕು ಹೌದೆಂದುಬಿಟ್ಟೆ. ಜಪಾನಿನ ಟೀಚರ ಹತ್ತಿರ ಅಷ್ಟು ಶಿಸ್ತಾಗಿ ಕಲಿತ ನಿನ್ನ ಅಜ್ಜಿ ಕೊನೆಗಾಲದಲ್ಲಿ ಬಟ್ಟಲಿನಲ್ಲಿ ಹೂ ತೇಲಿಬಿಡತೊಡಗಿದ್ದೂ ಇದಕ್ಕೇ. ನಾವೋ, ಅದನ್ನೇ ನಮ್ಮ ಮನೆತನದ ಶೈಲಿ ಎಂದು ಹೆಮ್ಮೆಯಿಂದ ಹೇಳಿಕೊಂಡು ಬಂದೆವು. ನೀನೂ ಪ್ರದರ್ಶನದ ಗೋಡೆಯ ಮೇಲೆ ಮೂರು ತಲೆಮಾರಿನ ಬಳುವಳಿ ಎಂದು ದೊಡ್ಡದಾಗಿ ಬರೆಸಿದ್ದೀಯ. ನಿಜ ಕಣೇ, ನಮ್ಮಿಂದ ನಿನಗೆ ಬಂದಿದೆ, ಆದರೆ ಬಂದಿರುವುದು ನಡುಕ.

ಇಲ್ಲ ಅನ್ನಬೇಡ. ಅಲ್ಲಿ ನೀನು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಸಹಿ ಹಾಕಿದೆ. ಫೋಟೋ ತೆಗೆಯುವಾಗಲೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಈ ಕಳ್ಳಾಟವನ್ನು ನಾನು ಎಷ್ಟೋ ವರ್ಷಗಳಿಂದ ಆಡಿಕೊಂಡು ಬಂದವಳು, ನನ್ನ ಕಣ್ಣಿಗೇ ಮಣ್ಣೆರಚುತ್ತೀಯಾ?

ಅಪ್ಪ ಪೆನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾರೆ. ಪಾಪ, ಅವರಿಗೂ ಇದು ಗೊತ್ತಾಗುತ್ತಿರುವುದು ಇವತ್ತೇ. ಬರೀರಿ ಅಂದೆ, ಬರೆಯುತ್ತಿದ್ದಾರೆ.

ಮುಂದಿನ ತಿಂಗಳು ನೀನು ಜನರೆದುರು ಕೂತು ಹೂ ಜೋಡಿಸಿ ತೋರಿಸುತ್ತೀಯಂತೆ. ಅದಕ್ಕೆ ಮೊದಲು ನರರೋಗದ ಡಾಕ್ಟರಿಗೆ ತೋರಿಸು. ನಾನು ಹೋಗಿ ಬಂದೆ. ಇಷ್ಟು ದಿನ ಏನ್ ಮಾಡ್ತಿದ್ರಿ ಅಂತ ಬೈದರು, ಮಾತ್ರೆ ಕೊಟ್ಟರು, ಹೆದರುವಂಥದ್ದೇನೂ ಇಲ್ಲ ಅಂದರು. ಅಷ್ಟೇ. ಇಂಜೆಕ್ಷನ್ ಕೂಡ ಇಲ್ಲ. ನನ್ನ ಹಾಗೆ ಬಚ್ಚಿಟ್ಟುಕೊಂಡು ಕೂತರೆ ಕತ್ತರಿ, ಪೆನ್ನು ಹಿಡಿಯಲಾಗದ ದಿನ ಬರುತ್ತದೆ. ನನಗೆ ಬಂದಿದೆ. ನಿನಗೆ ಬರಬಾರದು, ನನ್ನ ಕೈಲಿ ಅದನ್ನು ನೋಡಲಾಗುವುದಿಲ್ಲ. ಸಿಟ್ಟು ಬಂದರೆ ಬೈದು ಬರೆ, ಆದರೆ ಹೋಗು.

ಸದಾ ನಿನ್ನದೇ ಚಿಂತೆಯ,
ಅಮ್ಮ

ತಾ.ಕ.: ಮಗಳೇ, ಇದು ಅಪ್ಪನ ಮಾತು. ಅಮ್ಮ ಲಕೋಟೆ ಹುಡುಕಲು ಒಳಗೆ ಹೋಗಿದ್ದಾಳೆ. ನಡುಕದ ಸಂಗತಿ ನನಗೆ ಇವತ್ತು ಗೊತ್ತಾದದ್ದಲ್ಲ. ಅವಳ ಲೋಟಕ್ಕೆ ಅರ್ಧವೇ ಚಹಾ ಬಗ್ಗಿಸುತ್ತ ಬಂದು ಬಹಳ ಕಾಲವಾಯಿತು. ಅವಳು ಡಾಕ್ಟರನ್ನು ನೋಡಿಲ್ಲ. ಆವತ್ತು ನನಗೆ ಹೇಳದೆ ಆಸ್ಪತ್ರೆಗೆ ಹೊರಟಾಗ ನಾನು ಹಿಂದೆಯೇ ಹೋಗಿ ಗಾಜಿನ ಬಾಗಿಲಾಚೆ ನಿಂತಿದ್ದೆ. ಇವಳ ಹೆಸರು ಕೂಗಿದರು, ಇವಳು ಕುರ್ಚಿಯಿಂದೆದ್ದು ಹೊರಗೆ ಬಂದುಬಿಟ್ಟಳು. ಮನೆಯಲ್ಲಿ ಮಾತ್ರೆಯೂ ಇಲ್ಲ, ಮಣ್ಣೂ ಇಲ್ಲ. ನಾನು ಕರೆದರೆ ಬರುವ ಪೈಕಿಯಲ್ಲ. ನೀನು ಒಂದು ಕೆಲಸ ಮಾಡು: ಒಬ್ಬಳೇ ಹೋಗಲು ಭಯವಾಗುತ್ತದೆ, ಜೊತೆಗೆ ಬಾ ಅಮ್ಮ ಅಂತ ಬರೆ. ನಿನಗೋಸ್ಕರ ಅಂದರೆ ಬರುತ್ತಾಳೆ.