ಖಾಲಿ ಉಳಿದ ಎರಡು ಕುರ್ಚಿ

ಚಳ್ಳಕೆರೆ
೨೯ ಅಕ್ಟೋಬರ್ ೨೦೦೪

ಪ್ರೀತಿಯ ಮಂಜುಳಕ್ಕನವರಿಗೆ,

ನಿಮ್ಮ ಮಂಗಳಗೌರಿಯ ನಮಸ್ಕಾರ. ಈ ಕಾಗದ ನೋಡಿದ ತಕ್ಷಣ ಬೈತೀರಿ, ಬೈಯಿರಿ. ಪೊಲೀಸ್ ಹುತಾತ್ಮರ ದಿನ ಚಿತ್ರದುರ್ಗದ ಪರೇಡ್ ಮೈದಾನದಲ್ಲಿ ನಿಮ್ಮ ಪಕ್ಕ ಎರಡು ಕುರ್ಚಿ ಹಿಡಿದಿಟ್ಟು, ಕೂರಲು ಬಂದವರನ್ನೆಲ್ಲ ಎಬ್ಬಿಸಿ ಕಳಿಸಿದಿರಂತೆ. ಇನ್‌ಸ್ಪೆಕ್ಟರ ಹೆಂಡತಿಯನ್ನೂ ಬಿಡಲಿಲ್ಲ ಅಂತ ಕೇಳಿ ಅಷ್ಟು ದುಃಖದಲ್ಲೂ ನಗು ಬಂತು. ನಾವಿಬ್ಬರೂ ಬರಲಿಲ್ಲ. ಫೋನಿನಲ್ಲಿ 'ಹುಷಾರಿರಲಿಲ್ಲ' ಅಂದದ್ದು ಸುಳ್ಳು. ನಿಜ ಬರೆಯೋಕೆ ಇಷ್ಟು ದಿನ ಹಿಡಿಯಿತು, ಕ್ಷಮಿಸಿ.

ನಿಮ್ಮ ಮಂಡಿ ನೋವು ಹೇಗಿದೆ? ಶಿಲ್ಪಾ ಚೆನ್ನಾಗಿದ್ದಾಳೆ. ಅಪ್ಪನ ಹಾಗೇ ಊಟಕ್ಕೆ ಕೂತಾಗ ಕಾಲು ಅಲ್ಲಾಡಿಸುತ್ತಾಳೆ. ಮೊದಲು ಬೈಯುತ್ತಿದ್ದೆ, ಈಗ ಸುಮ್ಮನೆ ನೋಡುತ್ತಾ ಕೂರುತ್ತೇನೆ.

ಮೊಳಕಾಲ್ಮೂರಿನ ಚೌಡೇಶ್ವರಿಯನ್ನು ಕರೆತರುವ ಕೆಲಸ ನನಗೇ ಒಪ್ಪಿಸಿದ್ದಿರಿ. 'ನಿಮ್ಮಿಬ್ಬರ ಗಂಡಂದಿರೂ ಒಂದೇ ಜೀಪಿನಲ್ಲಿ ಹೋದೋರು, ನೀನು ಕರೆದ್ರೆ ಬರ್ತಾಳೆ' ಅಂದಿರಿ. ನಿಮಗೆ ಹೇಳಿರಲಿಲ್ಲ ಅಕ್ಕ, ಗಂಡನನ್ನು ಕಳಕೊಂಡ ನಮ್ಮ ಪೊಲೀಸ್ ಹೆಂಗಸರ ಗುಂಪಿನ ಬೇರೆ ಯಾರು ಹೋದರೂ ಅವಳು ಮಾತಾಡುತ್ತಿದ್ದಳು, ನಾನು ಹೋದರೆ ಮಾತ್ರ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಕಾರಣ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಮರಳು ಲಾರಿ ತಡೆಯಲು ಹೋದ ಆ ಜೀಪು ಓಡಿಸುತ್ತಿದ್ದವರು ನಮ್ಮನೆಯವರು. ಲಾರಿ ಬಂದು ಗುದ್ದಿದ್ದಕ್ಕೆ ಅವರೇನು ಮಾಡಿಯಾರು? ಆದರೂ ಗಂಡನನ್ನು ಕಳಕೊಂಡವಳಿಗೆ ಯಾರ ಮೇಲಾದರೂ ಸಿಟ್ಟು ಬೇಕಲ್ಲ. ನನ್ನ ಮೇಲೆ ಇರಲಿ ಬಿಡು ಅಂತ ಸುಮ್ಮನಿದ್ದೆ.

ಪರೇಡಿನ ಹಿಂದಿನ ದಿನ ಮಧ್ಯಾಹ್ನವೇ ಹೋದೆ, ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹೊರಡೋಣ ಅಂತ. ಅವಳ ಅತ್ತೆ ಓಬಳಮ್ಮ 'ರಾಮ್ಮಾ, ಕೂಚೋ' ಅಂತ ತೆಲುಗಿನಲ್ಲಿ ಕರೆದು ಕೂರಲು ಚಾಪೆ ಹಾಸಿದರು. ಮಾವ ಬೊಮ್ಮಯ್ಯ ಮಗ್ಗದ ಗುಂಡಿಯಲ್ಲಿ ಕೂತೇ ಕೈ ಮುಗಿದರು. ಅವರ ಮಗ, ಚೌಡೇಶ್ವರಿಯ ಗಂಡ ವಿನೋದನೂ ಪೊಲೀಸಿಗೆ ಸೇರುವ ತನಕ ಅದೇ ಮಗ್ಗದಲ್ಲಿ ಸೀರೆ ನೇಯ್ದವನು. "ಅಷ್ಟು ವರ್ಷ ಲಾಠಿ ಹಿಡಿದ್ರೂ ಬೆರಳಿನ್ಯಾಗೆ ರೇಷ್ಮೆ ಕುಯ್ದ ಗೆರೆ ಹೋಗಿರ್ಲಿಲ್ಲಮ್ಮ, ನೋಡು, ಹಿಂಗೇ ಇತ್ತು," ಅಂತ ತಮ್ಮ ಬೆರಳು ತೋರಿಸಿದರು. ನಾನು ಆ ಬೆರಳು ಮುಟ್ಟಿ ನೋಡಿದೆ.

ಚೌಡೇಶ್ವರಿ ರಾಟೆ ಮುಂದೆ ಕೂತು ಮಾವನಿಗೆ ನೂಲು ಸುತ್ತಿಕೊಡುತ್ತಿದ್ದಳು. ನೀವು ಹೇಳಿಕೊಟ್ಟ ಹಾಗೆ ಬಾಯಿ ಮುಚ್ಚಿಕೊಂಡು ಕೂತೆ, ಕೊಟ್ಟದ್ದು ತಿಂದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ, ಎಷ್ಟು ಹೊತ್ತು ಇದ್ದೀತು. ಅತ್ತೆ ಮಾವ ಚಹಾಕ್ಕೆ ಎದ್ದಾಗ ಕೇಳಿಯೇಬಿಟ್ಟೆ. "ಚೌಡಿ, ಜೀಪು ಓಡಿಸ್ತಿದ್ದೋರು ನಮ್ಮನೆಯವ್ರು. ಬೈಯೋದಿದ್ರೆ ನನ್ನ ಬೈಯಿ, ಕೇಳಿಸ್ಕೊಂತೀನಿ."

ರಾಟೆ ನಿಂತಿತು. "ನಿಮ್ಮನ್ಯಾಕೆ ಬೈಯ್ಲಿ ಅಕ್ಕ," ಅಂದಳು. "ನಾನೇ ನಿಮ್ ಹತ್ರ ಬೈಸ್ಕೋಬೇಕು."

ಅಪಘಾತದ ದಿನ ನಾನು ದೊಡ್ಡಉಳ್ಳಾರ್ತಿಯ ತವರಿನಲ್ಲಿದ್ದೆ. ಸುದ್ದಿ ಮುಟ್ಟಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಕ್ವಾರ್ಟರ್ಸಿನಿಂದ ಓಡಿ ಮೊದಲೇ ಆಸ್ಪತ್ರೆ ಮುಟ್ಟಿದ್ದಳು. ಯಾರನ್ನು ನೋಡಬೇಕು, ಹೆಸರೇನು ಅಂತ ಅಲ್ಲಿನವರು ಕೇಳಿದರಂತೆ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಅಂತ ಅವಳ ಅಜ್ಜಿ ಹೇಳಿಕೊಟ್ಟಿದ್ದರು. ನಮಗೆಲ್ಲ ಹೇಳಿಕೊಟ್ಟದ್ದೂ ಅದೇ ತಾನೇ. ಬೇರೆ ದಿನವಾದರೆ ಹೇಳಿಬಿಡುತ್ತಿದ್ದಳೇನೋ. ಅವನ ಜೀವ ಹೋಗುತ್ತಾ ಬರುತ್ತಾ ಇರುವ ಹೊತ್ತಲ್ಲಿ ಹೇಗೆ ಹೇಳಿಯಾಳು? "ನಮ್ಮನೆಯವ್ರು, ಪೊಲೀಸು, ಜೀಪಿನಾಗೆ ಇದ್ರು," ಅಂದಳಂತೆ. ಅವರು ಒಂದು ಕೋಣೆ ತೋರಿಸಿದರು. ಮಂಚದ ಮೇಲೆ ಮಲಗಿದ್ದವರ ಮುಖಕ್ಕೆಲ್ಲ ಬ್ಯಾಂಡೇಜು. ಇವಳು ಕೈ ಹಿಡಿದುಕೊಂಡು ಕೂತಳು. ಆ ಉಸಿರು ನಿಂತ ಮೇಲೆ ಎದ್ದು ಪಕ್ಕದ ಕೋಣೆಗೆ ಓಡಿದರೆ ವಿನೋದನ ಮುಖಕ್ಕೆ ಆಗಲೇ ಬಟ್ಟೆ ಹೊದಿಸಿದ್ದರು.

"ನಮ್ಮೋರು ಒಬ್ರೇ ಹೋದ್ರಕ್ಕ," ಅಂದಳು. "ನಾನು ನಿಮ್ಮೋರ ಕೈ ಹಿಡ್ಕೊಂಡು ಕುಂತಿದ್ದೆ. ನಿಮ್ಮ ಮಕ ನೋಡಿದ್ರೆ ಅದೇ ನೆಪ್ಪಾಗ್ತೈತೆ."

ಮಂಜುಳಕ್ಕ, ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚು. ಆ ಹೊತ್ತು ನನ್ನದಾಗಿತ್ತು, ಇವಳಿಗೆ ಹೋಯಿತಲ್ಲ ಅಂತ. ಆಮೇಲೆ ಅವಳ ಕೈ ನೋಡಿದೆ. ನಮ್ಮನೆಯವರನ್ನು ಕೊನೆಯದಾಗಿ ಹಿಡಿದ ಕೈ. ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅತ್ತೆ. ಅವರು ಒಬ್ಬರೇ ಹೋದರು ಅಂತ ವರ್ಷವಿಡೀ ಕೊರಗಿದ್ದೆ ನೋಡಿ.

ಬೆಳಿಗ್ಗೆ ಬಸ್ಸಿನ ಹಾರನ್ ಕೇಳಿಸಿತು, ಇಬ್ಬರೂ ಏಳಲಿಲ್ಲ. ಅಲ್ಲಿ ಮೈಕಿನಲ್ಲಿ ಹುತಾತ್ಮರ ಹೆಸರು ಓದುವುದನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ, ಅವಳನ್ನು ಬಿಟ್ಟು ಬರುವ ಮನಸ್ಸು ನನಗಿರಲಿಲ್ಲ. ಪರೇಡಿನ ಹೊತ್ತಿಗೆ ಮಗ್ಗದ ಮನೆಯಲ್ಲಿ ಗೋಜಲಾದ ರೇಷ್ಮೆ ಬಿಡಿಸುತ್ತಾ ಕೂತಿದ್ದೆವು. ಅವಳ ಗಂಡನ ಹೆಸರು ಅವಳು ಹೇಳಲಾರಳು, ನಾನು ಹೇಳಬಹುದಲ್ಲ. 'ವಿನೋದ' ಅಂದೆ. ಅವಳು ನಮ್ಮನೆಯವರ ಹೆಸರು, 'ಸಂಗಮೇಶಣ್ಣ' ಅಂದಳು. ಬೊಮ್ಮಯ್ಯ ಮಗ್ಗ ನಿಲ್ಲಿಸಿ ತಲೆ ಬಗ್ಗಿಸಿದರು. ನಮ್ಮ ಪರೇಡು ಅಷ್ಟೇ.

ಮುಂದಿನ ಸಲ ನಿಮ್ಮ ಮನೆಯಲ್ಲಿ ಹೆಂಗಸರೆಲ್ಲ ಸೇರಿದಾಗ ಬರುತ್ತೇನೆ ಅಂದಿದ್ದಾಳೆ. ನಮ್ಮಿಬ್ಬರ ನಡುವೆ ಕೂರಿಸಿಕೊಳ್ಳೋಣ. ಹೆಸರು ಹೇಳು ಅಂತ ಮಾತ್ರ ಯಾರೂ ಕೇಳಬಾರದು. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಶಿಲ್ಪಾಳ ತಲೆ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ತಂಗಿ,
ಮಂಗಳಗೌರಿ

ಮರೆತಿಲ್ಲ, ಬೇಕಂತಲೇ ಬಿಟ್ಟ ಮಾತೊಂದಿದೆ. ಬೆಳಿಗ್ಗೆ ಹಿತ್ತಲಿನಲ್ಲಿ, ಅತ್ತೆ ಮಾವನಿಗೆ ಕೇಳಿಸದ ಹಾಗೆ ಚೌಡೇಶ್ವರಿ ಹೇಳಿದ್ದು. ನೀವೂ ಯಾರಿಗೂ ಹೇಳಬೇಡಿ. ಮುಖಕ್ಕೆ ಬ್ಯಾಂಡೇಜಿದ್ದರೇನು, ಕೈ ಹಿಡಿದ ಕೂಡಲೇ ಅವಳಿಗೆ ತಿಳಿದುಹೋಗಿತ್ತಂತೆ. ಬೆರಳಿನಲ್ಲಿ ರೇಷ್ಮೆಯ ಗೆರೆ ಇರಲಿಲ್ಲ. ಇವರು ನಮ್ಮವರಲ್ಲ ಅಂತ ಎದ್ದಳಂತೆ. ಅಷ್ಟರಲ್ಲಿ ನಮ್ಮನೆಯವರು ಅವಳ ಕೈ ಬಿಗಿಯಾಗಿ ಹಿಡಿದು, "ಗೌರಿ, ಬಂದ್ಯಾ?" ಅಂದರಂತೆ. ಇವಳು "ಬಂದೀನಿ" ಅಂದು ಮತ್ತೆ ಕೂತಳು. ತನ್ನವನು ಅಲ್ಲೇ ಇನ್ನೆಲ್ಲೋ ಇದ್ದಾನೆ ಅಂತ ಗೊತ್ತಿದ್ದೂ ಕೂತಳು ಅಕ್ಕ.

ನಾನು ಬಂದೆ ಅಂದುಕೊಂಡೇ ಹೋದರಲ್ಲ, ನನಗೆ ಅಷ್ಟು ಸಾಕು ಅಂತ ಅವಳಿಗೆ ಹೇಳಿದೆ. ನಿಮ್ಮ ಹತ್ತಿರ ಯಾಕೆ ಸುಳ್ಳು ಹೇಳಲಿ. ಸಾಕಾಗಿಲ್ಲ.