ಆರನೆಯ ಸ್ವರ

ಫೆಜ್, ಮಂಗಳವಾರ

ಅಕ್ಕಾ,

ನಿನ್ನೆ ಇಲ್ಲಿನ ಒಂದು ಮದುವೆಯಲ್ಲಿ ಕೊನೆಗೂ ನನ್ನ ಸರದಿ ಬಂತು. ನಮ್ಮೂರಿನ ಪದ್ಧತಿಯಂತೆ ಹಾಡಿಗೆ ಮೊದಲು ರಿಬಾಬಿನ ಒಂಟಿ ತಂತಿಯನ್ನಷ್ಟೇ ನುಡಿಸಿ, ನಮ್ಮ ಐದು ಸ್ವರಗಳನ್ನು ನಿಧಾನವಾಗಿ ತೋರಿಸಿ, ಕಮಾನು ಎತ್ತಿ ಕಾದೆ. ಊರಲ್ಲಾದರೆ ಅಷ್ಟರಲ್ಲಿ ನೀನು ದನಿ ಎತ್ತಿರುತ್ತಿದ್ದೆ. ಇಲ್ಲಿ ಯಾರೂ ಎತ್ತಲಿಲ್ಲ. ಇಲ್ಲಿನ ಮೇಳದಲ್ಲಿ ಊದ್‌ನ ತಂತಿ ಮೀಟುವ ಸಿ ಲರ್ಬಿ, "ಶ್ರುತಿ ಮಾಡಿದ್ದು ಸಾಕು ಮಾರಾಯ, ಹಾಡು ಶುರು ಮಾಡು" ಎಂದ. ಶುರುವಾಗಿದೆ ಎಂದೆ. "ಐದೇ ಸ್ವರಾನಾ? ಉಳಿದೆರಡನ್ನ ಬಸ್ಸಲ್ಲೇ ಬಿಟ್ಟು ಬಂದ್ಯೇನೋ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆಮ್ಮು ಕಡಿಮೆಯಾಗಿದೆ. ನೀನು ಕಟ್ಟಿಕೊಟ್ಟ ಆರ್ಗಾನ್ ಎಣ್ಣೆ ಮುಗಿದು ರೊಟ್ಟಿಯನ್ನು ಹಾಗೇ ತಿನ್ನುತ್ತಿದ್ದೇನೆ. ಯಾರಾದರೂ ಈ ಕಡೆ ಬರುವವರಿದ್ದರೆ ಒಂದು ಸೀಸೆ ಕಳಿಸು.

ಬೆಳಿಗ್ಗೆ ಕೋಣೆಯಲ್ಲಿ ಅದನ್ನೇ ಮತ್ತೆ ನುಡಿಸಿದೆ. ನೀನಿಲ್ಲವಲ್ಲ, ನೀನು ಹಾಡುವ ಸಾಲನ್ನು ನಾನೇ ಹಾಡಿಕೊಂಡೆ. ಅರ್ಧಕ್ಕೆ ಬರುವಾಗ ಈ ಊರಿನವರ ಸ್ವರವೊಂದು, ನಮ್ಮದಲ್ಲದ ಆರನೆಯದು, ನನ್ನ ಬಾಯಿಂದಲೇ ಬಂದುಬಿಟ್ಟಿತು. ಚೆನ್ನಾಗಿಯೂ ಕೇಳಿಸಿತು.

ಹಾಳೆಯಲ್ಲಿ ಜಾಗ ಮುಗಿಯಿತು. ಅಪ್ಪನಿಗೆ ಓದಿ ಹೇಳುವಾಗ ಕೆಮ್ಮಿನ ತನಕ ಮಾತ್ರ ಓದು.

ನಿನ್ನ ತಮ್ಮ
ಇದ್ದರ್