ತೊಟ್ಟಿಲಲ್ಲಿ ಓಡಿದ ಫೋನು

ಶೈಲಶ್ರೀ,

ಎದ್ದ ಮೇಲೆ ಓದು. ಎದ್ದರೆ.

ನಿನ್ನ ಅಕ್ಕನ ಕೂಸಿನ ತೊಟ್ಟಿಲಲ್ಲಿ ಬೆಳಿಗ್ಗೆ ನಿನ್ನ ಫೋನು ಸಿಕ್ಕಿತು. ಅಕ್ಕ ತೂಗಿದಂತೆಲ್ಲ ಅದರಲ್ಲಿ ನಿನ್ನ ಹೆಜ್ಜೆಗಳ ಲೆಕ್ಕ ಏರುತ್ತಿತ್ತು. ನೀನು ಕೌದಿ ಹೊದ್ದು ಗೊರಕೆ ಹೊಡೆಯುತ್ತಿದ್ದೆ. ಕೇಳಿದರೆ ಅಕ್ಕ, "ದಿನಾ ಹಿಂಗ ಮಾಡ್ತಾಳ ಬೇ" ಎಂದು ನಕ್ಕಳು. ಥೂ! ಆ ಲೆಕ್ಕವನ್ನೇ ಗೆಳತಿಯರಿಗೆ ಕಳಿಸಿ, "ಇವತ್ತೂ ಓಡಿ ಬಂದೇನಿ ನೋಡ್ರೇ" ಅನ್ನುತ್ತೀಯಲ್ಲ, ನಿನಗೇ ಹೇಸಿಗೆ ಅನಿಸುವುದಿಲ್ಲವೇ? ಅದನ್ನು ನಂಬಿ ನಾನೂ ಓಣಿ ತುಂಬ ನನ್ನ ಮಗಳು ಪೊಲೀಸ್ ಆಗುತ್ತಾಳೆ ಎಂದು ಹೇಳಿಕೊಂಡು ಬಂದೆ.

ಸೋಮವಾರ ವಿಜಯಪುರದಲ್ಲಿ ಓಟದ ಪರೀಕ್ಷೆ. ಹೋದ ಸಲ ಎಲ್ಲರಿಗಿಂತ ಹಿಂದೆ ಬಿದ್ದು, ಬಸ್ಸಿನಲ್ಲಿ ನನ್ನ ಸೆರಗು ತೋಯುವಂತೆ ಅತ್ತವಳು ನೀನೇ.

"ನನ್ನ ಗುರಿ" ಎಂದು ಗೋಡೆಗೆ ಅಂಟಿಸಿದ್ದ ಕಾಗದ ಕಿತ್ತು ಒಲೆಗೆ ಹಾಕಿದ್ದೇನೆ. ಸ್ನಾನದ ನೀರಾದರೂ ಕಾಯಿತು.

ಅಕ್ಕ, ಕೂಸು, ನಾನು ಜೈನಾಪುರಕ್ಕೆ ನಿನ್ನ ಮಾವನ ಮನೆಗೆ ಹೊರಟಿದ್ದೇವೆ. ಫೋನು, ಸ್ಕೂಟಿಯ ಕೀಲಿ ನನ್ನ ಹತ್ತಿರ ಇವೆ. ನಿನ್ನ ಬೂಟು ಹರಿದ ಕಡೆ ಹೊಲಿದು ಬಾಗಿಲ ಬಳಿ ಇಟ್ಟಿದ್ದೇನೆ. ಮನೆಯಲ್ಲಿ ಅಡುಗೆ ಮಾಡಿಲ್ಲ. ನಿನ್ನ ಊಟ ಜೈನಾಪುರದಲ್ಲಿದೆ, ಓಡಿ ಬಾ. ಜೀಪು ಹತ್ತಿ ಬಂದು, ಬೆವರಿನ ಹಾಗೆ ಮುಖಕ್ಕೆ ನೀರು ಚಿಮುಕಿಸಿಕೊಳ್ಳಬೇಡ. ಬೆನ್ನು ಮುಟ್ಟಿ ನೋಡಿಯೇ ರೊಟ್ಟಿ ಬಡಿಸುತ್ತೇನೆ.

ಅವ್ವ